ಗೆಳೆಯನ ವಜೀಫಾ

ದಸ್ತಾರು ಇಟ್ಟುಕೊಂಡು ಹೋಗುವುದೋ, ಬರೀ ರುಮಾಲು ಸುತ್ತಿಕೊಂಡು ಹೋಗುವುದೋ ಎಂಬಲ್ಲಿಗೆ ಬಂದು ಅಣವೀರಪ್ಪನವರ ಬುದ್ಧಿ ಮುಂದೆ ಹೆಜ್ಜೆ ಇಡಲೊಲ್ಲದೆ ಕೂತುಬಿಟ್ಟಿತ್ತು. ಶುಕ್ರವಾರ, ಕಚೇರಿಗೆ ರಜೆ. ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗಿದ ಮೇಲೂ ಅವರು ಗೂಟದ ಮೇಲಿನ ದಸ್ತಾರನ್ನೇ, ಆ ಸರ್ಕಾರಿ ಪೇಟವನ್ನೇ, ನೋಡುತ್ತಿದ್ದರು. ನಿಜಾಮ್ ಸರ್ಕಾರದ ತಾಲ್ಲೂಕು ಕಚೇರಿಯಲ್ಲಿ ಪೇಶಕಾರರಾಗಿ ಮೂವತ್ತು ವರ್ಷ ತಲೆಯ ಮೇಲೆ ಹೊತ್ತದ್ದು. ಅದು ತಲೆಯ ಮೇಲಿದ್ದರೆ ಅವರು ಪೇಶಕಾರ ಸಾಹೇಬರು. ತಹಸೀಲ್ದಾರರ ಬಾಗಿಲಲ್ಲಿ ನಿಂತು, ಯಾರು ಒಳಗೆ ಹೋಗಬೇಕು, ಯಾರು ಬೇವಿನ ಮರದ ಕೆಳಗೆ ಕಾಯಬೇಕು ಎಂದು ಹೇಳುವವರು. ಅಂಥ ಪೇಶಕಾರ ಸಾಹೇಬರು ಮೋಮಿನಪುರದ ಜಹೀರುದ್ದೀನ್ ವಕೀಲರ ಮೆಟ್ಟಿಲು ಹತ್ತಿದರೆಂದರೆ ಜುಮ್ಮಾ ನಮಾಜಿನ ಹೊತ್ತಿಗೆ ಊರೆಲ್ಲ ಗುಲ್ಲು. ದಸ್ತಾರಿಲ್ಲದೆ ಹೋದರೆ ಗುಲ್ಲಾಗುವುದಿಲ್ಲ, ಖರೆ. ಆದರೆ ದಸ್ತಾರಿಲ್ಲದ ಮನುಷ್ಯ ಯಾರು ಎಂಬುದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ.

ವಿಷಯ ಇಷ್ಟೆ. ಬರುವ ತಿಂಗಳು ನೌಕರಿ ಮುಗಿಯುತ್ತಿತ್ತು. ನೌಕರಿ ಮುಗಿದವರಿಗೆ ಸರ್ಕಾರ ಕೊಡುವ ವಜೀಫಾವನ್ನು ಬದುಕಿರುವ ತನಕ ತಿಂಗಳು ತಿಂಗಳು ತೆಗೆದುಕೊಳ್ಳುವುದೋ, ಇಲ್ಲ ಅರ್ಧವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಒಂದೇ ಸಲ ಇಡಿಗಂಟು ಪಡೆಯುವುದೋ ಎಂದು ನಾಳೆ ಕಚೇರಿ ತೆರೆಯುತ್ತಲೇ ಬರೆದುಕೊಡಬೇಕಾಗಿತ್ತು. ಮೊದಲಿನದಾದರೆ ಕಲಬುರಗಿಯಲ್ಲೇ ಇರಬಹುದು, ಸಂಜೆ ಕಚೇರಿಯ ಕಡೆ ಅಡ್ಡಾಡಿ ಬರಬಹುದು, ಹಳೆಯ ಸಲಾಮುಗಳು ಇನ್ನೂ ಒಂದಷ್ಟು ವರ್ಷ ಬರುತ್ತಿರುತ್ತವೆ. ಎರಡನೆಯದಾದರೆ ಕಮಲಾಪುರದಲ್ಲಿ ಹೆಂಡತಿಯ ತಮ್ಮ ದೇವೀಂದ್ರಪ್ಪ ಮಾರಲು ಒಪ್ಪಿರುವ ಬಾಳೆತೋಟ ಕೊಳ್ಳಬಹುದು. ಬಾವಿ ಬತ್ತಿದರೆ? ಬಾಳೆಗೆ ರೋಗ ಬಂದರೆ? ಮೂವತ್ತು ವರ್ಷ ಕಾಗದ ಹಿಡಿದ ಕೈ ಸಲಿಕೆ ಹಿಡಿದೀತೆ? ಇದನ್ನು ಬಲ್ಲವರೊಬ್ಬರನ್ನು ಕೇಳಬೇಕು. ಕೇಳಲು ಏನು ಧಾಡಿ ಎಂದರೆ, ಈ ಮೂವತ್ತು ವರ್ಷವೂ ಬಾಗಿಲಿಗೆ ಬಂದು ಬಾಯಿ ಬಿಟ್ಟ ಪ್ರತಿಯೊಬ್ಬರಿಗೂ ಅವರು ಹೇಳುತ್ತಿದ್ದ ಮಾತು ಒಂದೇ ಆಗಿತ್ತು: ವಕೀಲರನ್ನ ಕೇಳ್ರಿ. ಅದರ ಅರ್ಥ, ನನ್ನ ತಲೆ ತಿನ್ನಬೇಡ, ನಡಿ ಎಂದು. ಅಂದಮೇಲೆ ವಕೀಲರನ್ನು ಕೇಳುವವರೆಂದರೆ ಬಾಗಿಲಿಂದ ಅಟ್ಟಿಸಿಕೊಂಡವರು. ಆ ಸಾಲಿನಲ್ಲಿ ತಾವು?

ಹಾಗೆಂದು ಸಲಹೆಗೆ ಬರವಿರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಪುಕ್ಕಟೆ ಕೊಡುತ್ತಿದ್ದರು. ಅವರ ಜಾಗಕ್ಕೆ ಬರಲಿದ್ದ ಬುರ್ಹಾನುದ್ದೀನ್ ಎಂಬ ಗುಮಾಸ್ತ, ನೀವು ಕಮಲಾಪುರಕ್ಕೇ ಹೋಗಿ ಸಾಹೇಬ್ರ, ಹವಾ ಚಲೋ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದ. ಮೊನ್ನೆ ಊಟದ ಹೊತ್ತಿಗೆ ಅಣವೀರಪ್ಪನವರು ಅವಸರದಲ್ಲಿ ಹಿಂದಿರುಗಿದಾಗ ಅವನು ಅವರ ಕುರ್ಚಿಯಲ್ಲಿ ಕೂತು, ಬೆನ್ನನ್ನು ಆ ಕಡೆ ಈ ಕಡೆ ತಿರುಗಿಸಿ, ಎಲ್ಲಿ ಚುಚ್ಚುತ್ತದೆ ಎಂದು ನೋಡುತ್ತಿದ್ದ. ಚುಚ್ಚುವುದು ಎಡಗಡೆ. ಅದನ್ನು ಅವನಿಗೆ ಹೇಳಬಾರದೆಂದು ಅಣವೀರಪ್ಪನವರು ಅಲ್ಲೇ ನಿಶ್ಚಯಿಸಿದರು. ಇನ್ನು ಕಮಲಾಪುರದ ಹವಾ. ಹೋದ ತಿಂಗಳು ಅಲ್ಲಿಗೆ ಹೋದಾಗ ದೇವೀಂದ್ರಪ್ಪ ತೋಟವೆಲ್ಲ ತಿರುಗಿಸಿ ತೋರಿಸಿದ್ದ. ಕೆಂಪು ಬಾಳೆಯ ಗೊನೆಗಳ ಕೆಳಗೆ ತಲೆ ಬಾಗಿಸಿ ನಡೆಯಬೇಕಾಗಿ ಬಂದು ದಸ್ತಾರು ಎರಡು ಸಲ ಕೆಳಗೆ ಬಿದ್ದಿತ್ತು. ಹೆಂಡತಿ ಶಿವಕಾಂತಮ್ಮ ನಕ್ಕಿದ್ದಳು. ತವರಿಗೆ ಹೋದಾಗ ಮಾತ್ರ ಆಕೆಗೆ ಹಾಗೆ ನಗು ಬರುತ್ತದೆ ಎಂದು ಅವರು ಎಣಿಸಿಕೊಂಡಿದ್ದರು, ಹಾಗೆಣಿಸಿ ಸ್ವಲ್ಪ ಮುನಿಸಿಕೊಂಡೂ ಇದ್ದರು. ಈ ಸೋಮವಾರ ದೇವೀಂದ್ರಪ್ಪ ಒಂದು ಬುಟ್ಟಿ ಕೆಂಪು ಬಾಳೆಹಣ್ಣು ಕಳಿಸಿದ್ದ. ಗುರುವಾರ ರಾತ್ರಿ ಊಟವಾದ ಮೇಲೆ ಒಂದು ಹಣ್ಣು ಕೇಳಿದರೆ, ಎಲ್ಲಿವ್ರಿ, ಜಂಗಮರಿಗೆ ಕೊಟ್ಟೆ ಎಂದಿದ್ದಳು. ಇಡೀ ಬುಟ್ಟಿಯನ್ನು ಹೊತ್ತುಕೊಂಡು ಹೋದ ಆ ಜಂಗಮನ ಮೇಲೆ ಅಣವೀರಪ್ಪನವರಿಗೆ ಇನ್ನೂ ಸಿಟ್ಟಿತ್ತು.

ಕಡೆಗೆ ರುಮಾಲೇ ಗೆದ್ದಿತು. ಧೋತರವನ್ನು ಮೇಲಕ್ಕೆ ಕಟ್ಟಿ, ಹೆಗಲಿಗೆ ಕಂಬಳಿ ಹಾಕಿ, ಕಮಲಾಪುರದ ಕಡೆಯ ರೈತನೊಬ್ಬ ಸಂತೆಗೆ ಬಂದ ಹಾಗೆ ಮಾಡಿಕೊಂಡು, ಹಿಂಬಾಗಿಲಿನಿಂದ ಹೊರಬಿದ್ದರು. ಶಿವಕಾಂತಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ನೋಡಿದಳು. ಎಲ್ಲಿಗೆ ಎಂದು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಅವರಿಗೆ ಮೊದಲು ಹಾಯೆನಿಸಿತು, ಓಣಿ ದಾಟುವಷ್ಟರಲ್ಲಿ ಅದೇ ಚುಚ್ಚತೊಡಗಿತು. ನೆಟ್ಟಗೆ ಹೋದರೆ ಗುರುತಿನವರು ಸಿಗುತ್ತಾರೆಂದು ಕೋಟೆಯ ಕಡೆಯಿಂದ ಬಳಸಿ ಹೊರಟರು. ಕಂದಕದ ಹತ್ತಿರದ ಪಾನಪಟ್ಟಿ ಅಂಗಡಿಯವನು ದಿನಾ ಬೆಳಿಗ್ಗೆ ಅರ್ಧ ಎದ್ದು ಸಲಾಮು ಮಾಡುವವನು. ಅವನ ಕಣ್ಣಿಗೆ ಬೀಳಬಾರದೆಂದು ಮುಖದ ಮೇಲೆ ಕಂಬಳಿ ಎಳೆದುಕೊಂಡು ದಾಟಿದರು. ಅವನು ನೋಡಿದ, ಎಲೆಗೆ ಸುಣ್ಣ ಹಚ್ಚುತ್ತಾ, ಹಾದಿ ಬಿಟ್ಟು ನಡಿಯಪಾ ಅಂದ. ನಡಿಯಪಾ! ಅಣವೀರಪ್ಪನವರು ನಾಲ್ಕು ಮಾರು ಮುಂದೆ ಹೋಗಿ, ನಿಂತು, ಹಿಂದಿರುಗಿ ಮತ್ತೆ ಅದೇ ಅಂಗಡಿಯ ಮುಂದೆ, ಈ ಸಲ ಕಂಬಳಿ ಕೆಳಗಿಳಿಸಿ, ನಿಧಾನವಾಗಿ ಹಾದರು. ಅವನು ತಲೆಯೆತ್ತಲೇ ಇಲ್ಲ. ಗುರುತು ಸಿಗಬಾರದೆಂದು ಇಷ್ಟೆಲ್ಲ ಮಾಡಿಕೊಂಡು ಬಂದವರಿಗೆ ಗುರುತು ಸಿಗದ್ದಕ್ಕೆ ಹೊಟ್ಟೆ ಉರಿಯಿತು. ಇದು ಬರುವ ತಿಂಗಳಿನಿಂದ ದಿನಾ ಇರುವುದೇ ಅಲ್ಲವೇ ಎಂದು ಹೊಳೆದು, ಕಂಬಳಿಯನ್ನು ಮತ್ತೆ ಮುಖಕ್ಕೆ ಎಳೆದುಕೊಂಡು ನಡೆದರು.

ಮೋಮಿನಪುರದಲ್ಲಿ ವಕೀಲರ ಮನೆಯ ಕಟ್ಟೆಯ ಮೇಲೆ ಜಾತ್ರೆ ನೆರೆದಂತಿತ್ತು. ದಿನಾ ಮಂದಿಯನ್ನು ಅಷ್ಟಿಷ್ಟು ಹಿಡಿತದಲ್ಲಿಡುವ ಮುನ್ಷಿ ಅಂದು ಮದುವೆಗೆ ಹೋಗಿದ್ದನಂತೆ. ಒಬ್ಬರ ಮೇಲೊಬ್ಬರು ಬಾಗಿಲಿಗೆ ನುಗ್ಗುತ್ತಿದ್ದರು, ಒಬ್ಬ ಮುದುಕ ಮೆಟ್ಟಿಲ ಮೇಲೇ ಮಲಗಿದ್ದ, ಇಬ್ಬರು ಹೊಲದ ಗಡಿಯ ಒಂದೇ ಬಾಂದಿನ ಕಲ್ಲಿನ ಜಗಳವನ್ನು ಅಲ್ಲೇ ಹೊಸದಾಗಿ ಆಡುತ್ತಿದ್ದರು. ಒಂದು ಮೂಲೆಯಲ್ಲಿ ತೆಪ್ಪಗೆ ಕೂತಿರುವುದೆಂದು ಅಣವೀರಪ್ಪನವರು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಕೂತಿದ್ದರು ಕೂಡ. ಆದರೆ ನಡುವೆ ಬಂದವನೊಬ್ಬ ಮುದುಕನನ್ನು ದಾಟಿ ಒಳಗೆ ನುಗ್ಗಿದ್ದನ್ನು ನೋಡಿದಾಗ ಅವರ ಒಳಗೆ ಏನೋ ತಾನಾಗಿ ಎದ್ದು ನಿಂತಿತು. ಮೈಯೂ ಅದರ ಹಿಂದೆಯೇ ಎದ್ದಿತು. ಸಾಲಾಗಿ ನಿಲ್ರಿ, ಮೊದಲ ಬಂದಾಂವ ಮೊದಲ, ಹೆಸರು ಹೇಳು, ಊರು ಹೇಳು, ಆ ಕಾಗದ ಇಲ್ಲಿ ಕೊಡು ಎಂದು ಕೈ ನೀಡಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮಂದಿ ಸಾಲಾಗಿ ನಿಂತರು. ಮುದುಕ ಎದ್ದು ಕೂತ. ಜಗಳದವರು ದನಿ ತಗ್ಗಿಸಿದರು. ಅವರಲ್ಲೊಬ್ಬ, ನಮ್ಮ ಕಲ್ಲಿನ ವಿಚಾರ ಏನ್ರಿ ಯಜಮಾನ್ರ ಎಂದು ಕೇಳಿದಾಗ, ವಕೀಲರನ್ನ ಕೇಳ್ರಿ ಎಂಬ ಮಾತು ಬಾಯಿಂದ ಜಾರಿತು. ಜಾರಿದ ಮೇಲೆ, ಅದೂ ವಕೀಲರ ಕಟ್ಟೆಯ ಮೇಲೆ ಜಾರಿದ ಮೇಲೆ, ಅಣವೀರಪ್ಪನವರು ಬಾಗಿಲ ಕಡೆ ನೋಡಿದರು. ಜಹೀರುದ್ದೀನ್ ವಕೀಲರು ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಅವರ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ, ಯಾಕೆಂದರೆ ಉಳಿದವರನ್ನೆಲ್ಲ ಅವರೇ ಮೊದಲು ಕಳಿಸಿದ್ದರು. ಒಳಗೆ ವಕೀಲರು ದಿಂಬಿಗೆ ಒರಗಿ, ಸಣ್ಣ ಗಡ್ಡವನ್ನು ನೀವಿಕೊಳ್ಳುತ್ತಾ, ಅವರ ಹಣೆಯನ್ನೇ ನೋಡಿದರು. ಅಲ್ಲಿ ಏನಿದೆಯೆಂದು ಅಣವೀರಪ್ಪನವರಿಗೆ ತಿಳಿಯಲಿಲ್ಲ. ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದರು.

"ನನ್ನ ಗೆಳೆಯ ಒಬ್ಬಂವ ಇದ್ದಾನ್ರಿ, ಕಮಲಾಪುರದ ಕಡಿಯಂವ. ಅಂವಗ ಈಗ ವಜೀಫಾ ಆಗೂದದ. ಏನ್ ಮಾಡಬೇಕು ಅಂತ ತಿಳಿವಲ್ದು ಅಂವಗ."

ವಕೀಲರು ನಗಲಿಲ್ಲ. ಗೆಳೆಯನ ವಯಸ್ಸು ಕೇಳಿದರು, ಮಕ್ಕಳಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದಾಗ ಅಣ್ಣತಮ್ಮಂದಿರು ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ, ಬೇಕಾದಷ್ಟು ಎಂದರು ಅಣವೀರಪ್ಪನವರು. ಆ ಗೆಳೆಯನ ಮೇಲೆ ಅವರಿಗೆ ಕ್ರಮೇಣ ಕನಿಕರ ಹುಟ್ಟತೊಡಗಿತ್ತು. ಪಾಪ, ಒಳ್ಳೆಯವನು, ಜಂಬದವನು, ಯಾರನ್ನೂ ಏನೂ ಕೇಳಿ ಗೊತ್ತಿಲ್ಲದವನು.

"ಕಾನೂನು ಸಣ್ಣದದ್ರಿ," ಎಂದರು ವಕೀಲರು. "ತಿಂಗಳ ವಜೀಫಾ ಮನುಷ್ಯಾನ ಉಸುರಿನ ಸಂಗಾಟ ನಿಲ್ತದ. ಜಮೀನು ನಿಲ್ಲಂಗಿಲ್ಲ, ಖರೆ, ಆದರ ಅದು ಅಂವನ ಹೆಸರಲೆ ಇದ್ದರ ಅಂವ ಹ್ವಾದ ಮರುದಿನಾನೇ ಅಣ್ಣತಮ್ಮಂದಿರು ಬಂದು ಕೂಡ್ತಾರ. ಹೆಂಡತಿ ಹೆಸರಲೆ ಇದ್ದರ ಯಾರೂ ಬರಂಗಿಲ್ಲ. ಇಷ್ಟ ಕಾನೂನು. ಇನ್ನ ನಿಮ್ಮ ಗೆಳೆಯನ ಹೆಂಡತಿ ಏನಂತಾಳ?"

ಆಕೆ ಏನನ್ನುತ್ತಾಳೆ, ಅವನು ಹೇಳಿದ ಹಾಗೆ ಕೇಳುತ್ತಾಳೆ ಎಂದರು ಅಣವೀರಪ್ಪನವರು. ಹೇಳುವಾಗ ಹಿತ್ತಲಲ್ಲಿ ಬಟ್ಟೆ ಹಿಡಿದು ನಿಂತಿದ್ದವಳ ಮುಖ ಕಣ್ಣ ಮುಂದೆ ಬಂತು. ಆ ಮುಖದಲ್ಲಿ ಏನಿತ್ತೆಂದು ನೆನೆಯಹೋದರೆ ನೆನಪಾದದ್ದು ಒದ್ದೆ ಸೀರೆ ಮಾತ್ರ. ವಕೀಲರು ಎದ್ದು ಹೋಗಿ ಒಳಗಿನ ಪರದೆಯ ಹತ್ತಿರದಿಂದ ಒಂದು ತಟ್ಟೆ ತಂದಿಟ್ಟರು. ಆ ಪರದೆಯ ಆಚೆ ಇರುವುದು ಅವರ ತಾಯಿ ಮಸ್ತಾನಬಿಯವರ ಕೋಣೆ ಎಂಬುದು ಊರಿಗೇ ಗೊತ್ತು. ಹೆಂಗಸರು, ಯಾವ ಜಾತಿಯವರಾದರೂ, ಹಿಂದಿನ ಬಾಗಿಲಿನಿಂದ ಬಂದು ಮುದುಕಿಯ ಮುಂದೆ ಕೂತು ತಮ್ಮ ತೊಡಕು ಹೇಳುತ್ತಾರೆ, ಮುದುಕಿ ಅದನ್ನು ಮಗನಿಗೆ ದಾಟಿಸುತ್ತಾಳೆ. ಅಲ್ಲಿಯದೊಂದು ರಿವಾಜು: ಯಾವ ಹೆಂಗಸೂ ತನ್ನದೆಂದು ಹೇಳಬೇಕಾಗಿಲ್ಲ. ಎಲ್ಲವೂ ಗೆಳತಿಯ ಸಂಗತಿ, ನೆರೆಮನೆಯವಳ ಸಂಗತಿ.

"ಬುಧವಾರ ಒಳಗಿಂದ ಇಂಥಾದ ಒಂದು ಸವಾಲು ಬಂದಿತ್ರಿ," ಎಂದರು ವಕೀಲರು, ಹಣ್ಣಿನ ತಟ್ಟೆಯನ್ನು ಮುಂದೆ ಸರಿಸುತ್ತಾ. "ಯಾರೋ ಗೆಳತಿ ಅಂತ. ಗಂಡ ನೌಕರಿ ಬಿಡಾಂವ ಇದ್ದಾನ ಅಂತ. ಆಕಿ ಕಾನೂನು ಕೇಳಲಿಲ್ಲ. ಅಂವ ಹ್ವಾದ ಮ್ಯಾಲ ನನ್ನ ಗೆಳತಿ ಯಾರ ಮನಿ ಒಲಿ ಮುಂದ ಕೂಡಬೇಕು, ಇಷ್ಟ ಕೇಳಿದಳು. ತಗೋರಿ, ಹಣ್ಣು ತಗೋರಿ."

ಕೆಂಪು ಬಾಳೆಹಣ್ಣು. ಅಣವೀರಪ್ಪನವರು ಒಂದನ್ನು ಸುಲಿದು ಬಾಯಿಗಿಟ್ಟುಕೊಂಡರು. ತಟ್ಟೆಯಲ್ಲಿದ್ದ ಚಿಪ್ಪಿನ ತೊಟ್ಟಿಗೆ ಬಾಳೆನಾರು ಕಟ್ಟಿತ್ತು, ಮೂರು ಸುತ್ತು ಉಲ್ಟಾ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ದೇವೀಂದ್ರಪ್ಪ ಹಾಗೆಯೇ ಕಟ್ಟುವವನು; ಎಡಗೈಯವನಾದ್ದರಿಂದ ಅವನ ಸುತ್ತು ಉಲ್ಟಾ ಹೋಗುತ್ತದೆ. ಹಣ್ಣು ಬಾಯಲ್ಲೇ ನಿಂತಿತು. ಜಂಗಮ! ಬುಟ್ಟಿ ಹೊತ್ತುಕೊಂಡು ಹೋದ ಜಂಗಮ ಮಸ್ತಾನಬಿಯಾಗಿ ಈ ಪರದೆಯ ಹಿಂದೆ ವೀಳ್ಯ ಕುಟ್ಟುತ್ತಾ ಕೂತಿದ್ದಾಳೆ. ಅಣವೀರಪ್ಪನವರಿಗೆ ಮೊದಲು ಬಂದದ್ದು ಸಿಟ್ಟು: ನನಗೆ ಹೇಳದೆ, ವಕೀಲರ ಮನೆಗೆ, ಹಿಂದಿನ ಬಾಗಿಲಿನಿಂದ! ತಾವೂ ಬೆಳಿಗ್ಗೆ ಹಿಂದಿನ ಬಾಗಿಲಿನಿಂದಲೇ ಹೊರಬಿದ್ದದ್ದು ನೆನಪಾಗಿ ಸಿಟ್ಟು ಅರ್ಧಕ್ಕೆ ನಿಂತು, ಅದರ ಜಾಗಕ್ಕೆ ನಾಚಿಕೆ ಬಂತು. ಹಣ್ಣು ನುಂಗಿದರು. ಬಹಳ ಸಿಹಿಯಾಗಿತ್ತು, ಅದೂ ಒಂದು ಅವಮಾನ. ಫೀಸು ಎಂದು ಸೊಂಟಕ್ಕೆ ಕೈ ಹಾಕಿದರೆ ವಕೀಲರು ತಡೆದರು.

"ನಿಮ್ಮ ಗೆಳೆಯನ ಫೀಸು ಮೊದಲೇ ಮುಟ್ಟ್ಯದ್ರಿ. ಮತ್ತ, ವಜೀಫಾ ಆದ ಮ್ಯಾಲ ಅಂವಗ ಕೆಲಸ ಬೇಕಾದರ ನಮ್ಮ ಕಟ್ಟಿ ಮ್ಯಾಲ ಜಾಗಾ ಅದ. ಇವತ್ತಿನಂಗ ಗದ್ದಲಿಲ್ದ ದಿನಾ ನಾ ನೋಡೇ ಇದ್ದಿಲ್ಲ."

ಹಿಂದಿರುಗುವಾಗ ಮುಖಕ್ಕೆ ಕಂಬಳಿ ಎಳೆದುಕೊಳ್ಳುವುದು ನೆನಪಾಗಲಿಲ್ಲ, ಬಂದ ಹಾದಿಯಲ್ಲೇ ನಡೆದರು. ಯಾರ ಮನೆಯ ಒಲೆಯ ಮುಂದೆ ಎಂಬ ಮಾತು ಕಾಲಿಗೆ ತೊಡರುತ್ತಿತ್ತು. ತಾವು ಸತ್ತರೆ ಕಚೇರಿಗೆ ರಜೆ ಕೊಡುತ್ತಾರೋ ಇಲ್ಲವೋ ಎಂದು ಅವರು ಎಷ್ಟೋ ಸಲ ಯೋಚಿಸಿದ್ದರು. ತಮ್ಮ ಹೆಣದ ಮುಂದೆ ಯಾರು ಯಾರು ಬಂದು ನಿಲ್ಲುತ್ತಾರೆ, ಬುರ್ಹಾನುದ್ದೀನ್ ಅಳುತ್ತಾನೋ ಹೇಗೆ ಎಂಬುದನ್ನೂ ಯೋಚಿಸಿ ಸುಖಪಟ್ಟದ್ದುಂಟು. ಮಂದಿ ಚದುರಿದ ಮೇಲೆ ಆ ಮನೆಯಲ್ಲಿ ಉಳಿಯುವವಳ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಕಚೇರಿಯ ಬೇವಿನ ಮರದ ಕೆಳಗೆ ಪುತಳಾಬಾಯಿ ಕೂತಿದ್ದಳು. ಈಗಲ್ಲ, ಎರಡು ವರ್ಷದ ಹಿಂದೆ. ಕಚೇರಿಯ ಜವಾನ ಅಂಬಣ್ಣ ಜ್ವರದಲ್ಲಿ ಹೋದ ಮೇಲೆ ಅವನ ಹೆಂಡತಿ ಬಂದು, ಸರ್ಕಾರದಿಂದ ನನಗೇನಾದರೂ ಸಿಗುತ್ತದೇನ್ರಿ ಎಂದು ಕೇಳಿದ್ದಳು. ಅಂಬಣ್ಣ ಇಪ್ಪತ್ತು ವರ್ಷ ಇವರಿಗೆ ನೀರು ತಂದುಕೊಟ್ಟವನು. ಅಣವೀರಪ್ಪನವರು ಕಾಗದದಿಂದ ಕಣ್ಣು ಕೂಡ ಎತ್ತದೆ, ವಕೀಲರನ್ನ ಕೇಳು ಎಂದಿದ್ದರು. ಅವಳು ಆ ಮರದ ಕೆಳಗೆ ಸಂಜೆಯ ತನಕ ಕೂತು, ಯಾವಾಗಲೋ ಎದ್ದು ಹೋಗಿದ್ದಳು. ಈಗ ಕಣ್ಣ ಮುಂದೆ ಅವಳ ಸೆರಗಿನ ಕೆಳಗೆ ಶಿವಕಾಂತಮ್ಮನ ಮುಖವಿತ್ತು, ಬಾಗಿಲಲ್ಲಿ ಬುರ್ಹಾನುದ್ದೀನ್ ಇದ್ದ, ಅವನೂ ಕಣ್ಣೆತ್ತಲಿಲ್ಲ. ಪಾನಪಟ್ಟಿಯವನು ಈ ಸಲ ಗುರುತು ಹಿಡಿದು ಸಲಾಮು ಮಾಡಿದ. ಅಣವೀರಪ್ಪನವರು ಅದನ್ನು ನೋಡಲೇ ಇಲ್ಲ.

ಮನೆಯಲ್ಲಿ ಶಿವಕಾಂತಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಣವೀರಪ್ಪನವರು ಅಡುಗೆಮನೆಯ ಹೊಸ್ತಿಲ ಮೇಲೆ, ಅವರು ಎಂದೂ ಕೂರದ ಜಾಗದಲ್ಲಿ, ಕಂಬಳಿ ಮಡಚಿಟ್ಟು ಕೂತರು. ಆಕೆ ಒಂದು ಸಲ ಅವರ ಹಣೆ ನೋಡಿದಳು. ರುಮಾಲು ಮೇಲಕ್ಕೆ ಸರಿದಿತ್ತು. ದಸ್ತಾರು ಕೂರುವ ಜಾಗ ಮೂವತ್ತು ವರ್ಷ ಬಿಸಿಲು ಕಾಣದೆ ಬೆಳ್ಳಗೆ ಪಟ್ಟಿ ಕಟ್ಟಿದಂತಿದೆ ಎಂದಳು. ವಕೀಲರು ಮೊದಲಿಂದಲೂ ನೋಡಿದ್ದು ಅದನ್ನೇ! ಇನ್ನು ಕಳೆದುಕೊಳ್ಳಲು ಮಾನವೆಂಬುದು ಬಾಕಿ ಇಲ್ಲವೆಂದು ಖಾತ್ರಿಯಾದ ಮೇಲೆ ಅವರಿಗೆ ಒಂಥರಾ ಧೈರ್ಯ ಬಂತು. ಆದರೂ ಬಾಯಿ ಬಿಟ್ಟರೆ ಬಂದದ್ದು ಅದೇ ಗೆಳೆಯ.

"ನನ್ನ ಗೆಳೆಯ ಒಬ್ಬಂವ ಇದ್ದಾನ," ಎಂದರು. "ವಜೀಫಾ ಆಗೂದದ ಅಂವಗ. ತಿಂಗಳಾ ತಗೊಂಡು ಇಲ್ಲೇ ಇರಬೇಕೋ, ಇಡಿಗಂಟು ತಗೊಂಡು ತ್ವಾಟ ಮಾಡಬೇಕೋ, ತಿಳಿವಲ್ದು."

ರೊಟ್ಟಿಯ ಸಪ್ಪಳ ನಿಂತಿತು. ಶಿವಕಾಂತಮ್ಮ ಕೈಯ ಹಿಟ್ಟು ಉಜ್ಜಿಕೊಂಡಳು.

"ಅಂವ ತನ್ನ ಹೆಂಡತಿನ್ನ ಕೇಳ್ಯಾನೇನ್ರಿ?"

"ಈಗ ಕೇಳಾಕತ್ತಾನ," ಎಂದರು ಅಣವೀರಪ್ಪನವರು.

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಈ ಮನೆಯಲ್ಲಿ ರೊಟ್ಟಿ ಸೀದದ್ದು ಅದೇ ಮೊದಲು, ಇಬ್ಬರೂ ಅದನ್ನು ಸೀಯಲು ಬಿಟ್ಟರು. ಆಮೇಲೆ ಆಕೆ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ತನಗೂ ಒಬ್ಬಳು ಗೆಳತಿ ಇದ್ದಾಳೆಂದೂ, ಆ ಗೆಳತಿಗೆ ಬಹಳ ಅಂಜಿಕೆಯೆಂದೂ ಹೇಳಿದಳು. ಆಕೆಗೆ ತವರೆಂದರೆ ಪ್ರಾಣ ಎಂದು ಗಂಡ ತಿಳಿದುಕೊಂಡಿದ್ದಾನೆ, ಹಾಗೇನಿಲ್ಲ. ತಮ್ಮನ ಹೆಂಡತಿಯ ಕೈಯ ಅನ್ನಕ್ಕೆ ಕಾಯುವುದೆಂದರೆ ಆಕೆಗೆ ಬಾವಿ ನೆನಪಾಗುತ್ತದೆ. ತೋಟ ಕೊಳ್ಳಲಿ, ಆದರೆ ಅದು ಆಕೆಯ ಹೆಸರಿನಲ್ಲಿರಲಿ. ತಮ್ಮನ ಮನೆಯಲ್ಲಲ್ಲ, ತೋಟದಲ್ಲೇ ಎರಡು ಅಂಕಣದ ಮನೆ ಕಟ್ಟಲಿ, ಅದಕ್ಕೆ ಬೇರೆ ಬಾಗಿಲಿರಲಿ. ಬಾಗಿಲು ಒಂದೇ ಇದ್ದರೂ ಸಾಕು, ಅದು ಆಕೆಯದಿರಲಿ. ಇದನ್ನೆಲ್ಲ ಆಕೆ ಎಷ್ಟು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದಳೋ, ಒಂದು ಮಾತೂ ಹಿಂದೆ ಮುಂದೆ ಆಗಲಿಲ್ಲ. ತಹಸೀಲ್ದಾರರ ಮುಂದೆ ಅಷ್ಟು ನೇರವಾಗಿ ಅಹವಾಲು ಹೇಳಿದವರನ್ನು ಅಣವೀರಪ್ಪನವರು ಕಂಡಿರಲಿಲ್ಲ. ತೋಟ ಕೈ ಹತ್ತದಿದ್ದರೆ ಎಂದು ಕೇಳಿದರು. ಆಕೆಯ ಗೆಳತಿ ಹುಟ್ಟಿದ್ದು ಬಾಳೆಯ ನಡುವೆ, ಗೆಳೆಯನಿಗೆ ಬಾರದಿದ್ದರೆ ಬಾಗಿಲಲ್ಲಿ ನಿಲ್ಲಲಿ, ಅಷ್ಟು ಬರುತ್ತದಲ್ಲ ಎಂದಳು ಶಿವಕಾಂತಮ್ಮ, ಕಮಲಾಪುರದಲ್ಲಿ ನಗುವಂತೆ ನಕ್ಕು.

ಮಸ್ತಾನಬಿಯ ಬಾಗಿಲು ನಿನ್ನ ಗೆಳತಿಗೆ ತೋರಿಸಿದವರು ಯಾರು ಎಂದು ಅವರು ಊಟಕ್ಕೆ ಕೂತಾಗ ಕೇಳಿದರು. ಶಿವಕಾಂತಮ್ಮ ಬೇಳೆ ಬಡಿಸುತ್ತಾ ಹೇಳಿದಳು: ಪುತಳಾಬಾಯಿ. ಗಂಡ ಸತ್ತಾಗ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ವಕೀಲರನ್ನು ಕೇಳು ಎಂದರಂತೆ, ಅವಳು ಹೋಗಿ ಕೇಳಿದಳಂತೆ, ವಕೀಲರು ಅರ್ಜಿ ಹಾಕಿ ಏನೋ ಒಂದಿಷ್ಟು ಕೊಡಿಸಿದರಂತೆ. ಆ ಪುಣ್ಯಾತ್ಮರನ್ನು ಪುತಳಾಬಾಯಿ ಇಂದಿಗೂ ನೆನೆಯುತ್ತಾಳೆ ಎಂದಳು. ಹೇಳುವಾಗ ಆಕೆ ಗಂಡನ ಮುಖ ನೋಡಲಿಲ್ಲ. ಅಣವೀರಪ್ಪನವರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಮೂವತ್ತು ವರ್ಷದಲ್ಲಿ ತಾವು ಕೊಟ್ಟ ಒಂದೇ ಒಂದು ಒಳ್ಳೆಯ ಸಲಹೆ, ಅದೂ ಸಲಹೆಯಲ್ಲ, ಅಟ್ಟಿದ್ದು. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಖಾರ ಎಂದರು. ಮರುದಿನ ಕಚೇರಿ ತೆರೆಯುತ್ತಲೇ ಇಡಿಗಂಟೆಂದು ಬರೆದುಕೊಟ್ಟು, ಕುರ್ಚಿ ಎಡಗಡೆ ಚುಚ್ಚುತ್ತದೆ ಎಂದು ಬುರ್ಹಾನುದ್ದೀನನಿಗೂ ಹೇಳಿದರು.

ಮುಂದಿನ ಹಂಗಾಮಿಗೆ ಕಮಲಾಪುರದ ತೋಟದಲ್ಲಿ ಗೊನೆ ಕೊಯ್ಯುವ ದಿನ ಬಂತು. ಎರಡು ಅಂಕಣದ ಮನೆಯ ಮುಂದೆ ಕಲಬುರಗಿಯಿಂದ, ಹುಮನಾಬಾದಿನಿಂದ ಬಂದ ಹಣ್ಣಿನ ವ್ಯಾಪಾರಿಗಳು ಒಬ್ಬರನ್ನೊಬ್ಬರು ತಳ್ಳಿಕೊಂಡು ನುಗ್ಗಿದರು. ಅಣವೀರಪ್ಪನವರು ಬರೀ ತಲೆಯಲ್ಲಿ ಬೇಲಿಯ ಬಾಗಿಲಿಗೆ ಬಂದು ನಿಂತು, ಸಾಲಾಗಿ ನಿಲ್ರಿ, ಮೊದಲ ಬಂದಾಂವ ಮೊದಲ ಎಂದರು. ಹಣೆಯ ಬಿಳಿ ಪಟ್ಟಿ ಬಿಸಿಲಿಗೆ ಉಳಿದ ಮುಖದ ಬಣ್ಣಕ್ಕೆ ಬರತೊಡಗಿತ್ತು. ವ್ಯಾಪಾರಿಗಳು ಗೊಣಗಿಕೊಂಡು ಸಾಲಾದರು. ಮುಂದಿದ್ದವನು ಗೊನೆಗೆ ಏನು ಹೇಳುತ್ತೀರಿ ಯಜಮಾನ್ರ ಎಂದು ಕೇಳಿದ. ಅಣವೀರಪ್ಪನವರು ಹಿಂದೆ ತಿರುಗಿ ನೋಡಿದರು. ಶಿವಕಾಂತಮ್ಮ ಗೊನೆಗಳ ರಾಶಿಯ ನಡುವೆ ಸೆರಗು ಸಿಕ್ಕಿಸಿಕೊಂಡು ಕೂತು, ಬಾಳೆನಾರಿನಲ್ಲಿ ಗಂಟು ಹಾಕುತ್ತಿದ್ದಳು.

"ನನಗ ಗೊತ್ತಿಲ್ರಿ," ಎಂದರು. "ಆಕಿನ್ನ ಕೇಳ್ರಿ."

ಹೇಳಿ, ಏನು ಉತ್ತರ ಬರುತ್ತದೋ ಕೇಳೋಣವೆಂದು ತಾವೂ ಹೋಗಿ ಸಾಲಿನ ಕೊನೆಯಲ್ಲಿ ನಿಂತರು.